ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮೂಲ: ಪೇಗನ್ ಆಚರಣೆಯೋ, ಪ್ಯೂರಿಟನ್ ಶ್ರದ್ಧೆಯೋ?

ಸಭಿಕರೆಲ್ಲರಿಗೂ ನಮಸ್ಕಾರ.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಪ್ರತಿ ವರ್ಷ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ರಾಷ್ಟ್ರೀಯ ರಜೆಯಾಗಿ ಆಚರಿಸುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹುಟ್ಟು ಎಲ್ಲಿಯದು ಎಂಬುದು ಇಂದಿನ ವಿಷಯ. ಕ್ರೈಸ್ತಪೂರ್ವ ಯುರೋಪಿನ ಬಹುದೇವತಾರಾಧಕರ, ಅಂದರೆ ಪೇಗನ್ ಜನರ, ಸುಗ್ಗಿಯ ಆಚರಣೆಯೇ ಹೊಸ ಹೆಸರು ಹೊತ್ತು ಉಳಿದುಬಂದಿದೆ ಎಂದು ಒಂದು ಪಕ್ಷ ಹೇಳುತ್ತದೆ. ಇದು ಆರಂಭದಿಂದಲೂ ಕ್ರೈಸ್ತ ಭಕ್ತಿಯ ದಿನ ಎಂದು ಇನ್ನೊಂದು ಪಕ್ಷ ವಾದಿಸುತ್ತದೆ. ಕ್ರಿಸ್‌ಮಸ್, ಈಸ್ಟರ್ ಮುಂತಾದ ಹಬ್ಬಗಳಲ್ಲಿ ಹಳೆಯ ದೇವತೆಗಳ ನೆರಳಿದೆ ಎಂದು ನಂಬಿ ಅವನ್ನು ತೊರೆದಿರುವ ಕೆಲವು ಕ್ರೈಸ್ತ ಪಂಗಡಗಳಿಗೆ ಇದು ಆಚಾರದ ಪ್ರಶ್ನೆ: ಆ ಗುರುವಾರದ ಊಟಕ್ಕೆ ಕೂರಬಹುದೇ, ಕೂರಬಾರದೇ? ಅವರ ಆತಂಕವನ್ನು ನಾನು ಗೌರವದಿಂದಲೇ ನೋಡುತ್ತೇನೆ. ಏಕೆಂದರೆ ಇಂಥದೇ ಆತಂಕದಿಂದ ಈ ಹಬ್ಬ ಹುಟ್ಟಿತು ಎಂಬುದನ್ನು ಮುಂದೆ ತೋರಿಸಬೇಕಾಗಿದೆ.

ಮೊದಲು ವಿಧಾನದ ಬಗ್ಗೆ ಒಂದು ಮಾತು. ಎರಡು ಆಚರಣೆಗಳ ನಡುವೆ ಹೋಲಿಕೆ ಕಂಡಮಾತ್ರಕ್ಕೆ ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳಲಾಗದು. ಧಾನ್ಯ ಬೆಳೆಯುವ ಸಮಾಜಗಳಲ್ಲಿ ಕೊಯ್ಲು ಮುಗಿದಾಗ ದಣಿವು ಕಳೆಯುತ್ತದೆ, ಕಣಜ ತುಂಬಿರುತ್ತದೆ, ಚಳಿಗಾಲಕ್ಕೆ ಮುನ್ನ ಒಂದಿಷ್ಟು ದನಕುರಿಗಳನ್ನು ಕಡಿಯಬೇಕಾಗಿರುತ್ತದೆ. ಆಗ ಜನ ಸೇರಿ ಉಣ್ಣುವುದು ಯಾವ ಪರಂಪರೆಯ ನೆರವೂ ಇಲ್ಲದೆ ಮತ್ತೆ ಮತ್ತೆ ಸಂಭವಿಸಬಹುದಾದ ಸಂಗತಿ. ಆದ್ದರಿಂದ ಮೂಲವನ್ನು ಹುಡುಕುವವರು ಕೇಳಬೇಕಾದದ್ದು, ಈ ಆಚರಣೆ ಯಾರ ಕೈಯಿಂದ ಯಾರ ಕೈಗೆ ಬಂತು, ಪಡೆದವರು ಅದನ್ನು ಏನೆಂದು ತಿಳಿದಿದ್ದರು, ಅದಕ್ಕೆ ದಾಖಲೆ ಎಲ್ಲಿದೆ ಎಂಬುದನ್ನು.

ಪೇಗನ್ ಪಕ್ಷದ ವಾದಕ್ಕೆ ಆಧಾರವೇ ಇಲ್ಲವೆಂದು ತಳ್ಳಿಹಾಕುವಂತಿಲ್ಲ. ಎಂಟನೆಯ ಶತಮಾನದ ಇಂಗ್ಲಿಷ್ ಸಂನ್ಯಾಸಿ ಬೀಡ್, ತನ್ನ ಜನರ ಹಳೆಯ ತಿಂಗಳುಗಳ ಹೆಸರುಗಳನ್ನು ಪಟ್ಟಿ ಮಾಡುವಾಗ, ಸೆಪ್ಟೆಂಬರಿಗೆ ಸಮನಾದ ತಿಂಗಳನ್ನು ಪವಿತ್ರ ವಿಧಿಗಳ ತಿಂಗಳೆಂದು ಕರೆಯುತ್ತಿದ್ದರೆಂದು ಬರೆದಿದ್ದಾನೆ. ವಿಧಿಗಳು ಯಾವುವೆಂದು ಅವನು ಹೇಳುವುದಿಲ್ಲ. 601ರಲ್ಲಿ ಪೋಪ್ ಗ್ರೆಗರಿ ಇಂಗ್ಲೆಂಡಿಗೆ ಹೊರಟಿದ್ದ ಧರ್ಮಪ್ರಚಾರಕ ಮೆಲಿಟಸ್‌ಗೆ ಬರೆದ ಪತ್ರದಲ್ಲಿ, ಹಳೆಯ ಗುಡಿಗಳನ್ನು ಕೆಡವಬೇಡಿ, ವಿಗ್ರಹಗಳನ್ನು ಮಾತ್ರ ತೆಗೆಯಿರಿ, ದೆವ್ವಗಳಿಗೆ ದನ ಬಲಿ ಕೊಡುತ್ತಿದ್ದ ಜನ ಇನ್ನು ಮುಂದೆ ದೇವರ ಹೆಸರಿನಲ್ಲಿ ಅವನ್ನು ಕಡಿದು ಉಣ್ಣಲಿ ಎಂದು ಸೂಚಿಸಿದ್ದು ಪ್ರಸಿದ್ಧವಾಗಿದೆ. ಹೀಗಾಗಿ ಹಳೆಯ ಔತಣಗಳು ಕ್ರೈಸ್ತ ರೂಪ ತಾಳಿದವೆಂಬುದು ತತ್ತ್ವತಃ ಅಸಾಧ್ಯವೇನಲ್ಲ.

ಇಂಗ್ಲೆಂಡಿನ ಹಳ್ಳಿಗಳಲ್ಲಿ ಹಾರ್ವೆಸ್ಟ್ ಹೋಮ್ ಎಂಬ ಆಚರಣೆ ಇತ್ತು. ಹೊಲದ ಕೊನೆಯ ಸಿವುಡನ್ನು ಹೆಣೆದು ಬೊಂಬೆಯ ಆಕಾರ ಕೊಡುವುದು, ಕೊನೆಯ ಗಾಡಿಯನ್ನು ಹೂವಿನಿಂದ ಸಿಂಗರಿಸಿ ಹಾಡುತ್ತ ಕೂಗುತ್ತ ಮನೆಗೆ ತರುವುದು, ಆ ರಾತ್ರಿ ಜಮೀನಿನ ಒಡೆಯ ಆಳುಗಳಿಗೆ ಊಟ ಹಾಕುವುದು ಅದರ ಮುಖ್ಯ ಅಂಶಗಳು. 1598ರಲ್ಲಿ ಪಾಲ್ ಹೆಂಟ್ಸ್‌ನರ್ ಎಂಬ ಜರ್ಮನ್ ಪ್ರವಾಸಿ ವಿಂಡ್ಸರ್ ಬಳಿ ಇಂಥ ಗಾಡಿಯೊಂದನ್ನು ಕಂಡ. ಹೂವು ಮುಡಿಸಿದ ಆ ಹೊರೆಯ ಮೇಲೆ ಚೆನ್ನಾಗಿ ಉಡುಪು ತೊಡಿಸಿದ ಬೊಂಬೆಯೊಂದಿತ್ತು. ಗಂಡಸರು ಹೆಂಗಸರು ಕಂಠ ಬಿರಿಯುವಂತೆ ಕೂಗುತ್ತ ಬರುತ್ತಿದ್ದರು. ಇದು ಬಹುಶಃ ಸೀರೀಸ್ ದೇವತೆಯ ಪ್ರತೀಕವಿರಬೇಕು ಎಂದು ಅವನು ಬರೆದುಕೊಂಡ. ಸೀರೀಸ್ ರೋಮನ್ನರ ಧಾನ್ಯದೇವತೆ. ಲ್ಯಾಟಿನ್ ಓದಿದ ವಿದ್ಯಾವಂತನಿಗೆ ಥಟ್ಟನೆ ಹೊಳೆಯುವ ಹೆಸರು. ಗಾಡಿಯ ಮೇಲಿದ್ದ ಕೂಲಿಯವರಾರೂ ಆ ಹೆಸರನ್ನು ಹೇಳಿದಂತೆ ಅವನ ಬರಹದಲ್ಲಿಲ್ಲ. ‘ಬಹುಶಃ’ ಎಂದು ಸೇರಿಸುವಷ್ಟು ಪ್ರಾಮಾಣಿಕತೆ ಆ ಪ್ರವಾಸಿಗೆ ಇತ್ತು. ಮೂರು ಶತಮಾನಗಳ ನಂತರ ಜರ್ಮನಿಯ ವಿಲ್ಹೆಲ್ಮ್ ಮಾನ್‌ಹಾರ್ಟ್, ಅವರನ್ನು ಅನುಸರಿಸಿ ಬ್ರಿಟನ್ನಿನ ಜೇಮ್ಸ್ ಫ್ರೇಜರ್, ಕೊನೆಯ ಸಿವುಡಿನಲ್ಲಿ ಧಾನ್ಯಮಾತೆಯ ಆತ್ಮ ನೆಲೆಸಿದೆ ಎಂಬ ಪುರಾತನ ನಂಬಿಕೆ ಅಡಗಿದೆಯೆಂದು ಪ್ರತಿಪಾದಿಸಿದಾಗ ಆ ‘ಬಹುಶಃ’ ಓದುಗರ ಮನಸ್ಸಿನಲ್ಲಿ ‘ಖಂಡಿತ’ವಾಗಿ ಬದಲಾಯಿತು. ಇತ್ತೀಚಿನ ಇತಿಹಾಸಕಾರರು, ಮುಖ್ಯವಾಗಿ ರೊನಾಲ್ಡ್ ಹಟನ್, ಇಂಥ ಅಖಂಡ ಪರಂಪರೆಗೆ ಪುರಾವೆ ತೀರ ತೆಳುವಾಗಿದೆ ಎಂದು ತೋರಿಸಿದ್ದಾರೆ.

ವಾದಕ್ಕಾಗಿ ಈ ಬೊಂಬೆ ಪೇಗನ್ ಕಾಲದ್ದೇ ಎಂದು ಒಪ್ಪಿಕೊಳ್ಳೋಣ. ಆಗಲೂ ಅದು ಅಟ್ಲಾಂಟಿಕ್ ದಾಟಿ ಥ್ಯಾಂಕ್ಸ್‌ಗಿವಿಂಗ್ ಆಗಬೇಕಾದರೆ ಪ್ಯೂರಿಟನ್ನರ ಕೈ ಹಾಯ್ದೇ ಬರಬೇಕು. ತೊಡಕಿರುವುದು ಇಲ್ಲಿ. ಇಂಗ್ಲಿಷ್ ಚರ್ಚನ್ನು ಶುದ್ಧಗೊಳಿಸಬೇಕೆಂದು ಹೊರಟ ಈ ಜನ, ಬೈಬಲ್ಲಿನಲ್ಲಿ ಅಪ್ಪಣೆಯಿಲ್ಲದ ಯಾವ ಹಬ್ಬವನ್ನೂ ಸಹಿಸುತ್ತಿರಲಿಲ್ಲ. 1645ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟ್ ಜಾರಿಗೆ ತಂದ ಪೂಜಾವಿಧಿಯ ಕೈಪಿಡಿ, ಜನಸಾಮಾನ್ಯರು ಪವಿತ್ರ ದಿನಗಳೆಂದು ಕರೆಯುವ ಹಬ್ಬಗಳಿಗೆ ದೇವರ ವಾಕ್ಯದಲ್ಲಿ ಆಧಾರವಿಲ್ಲವಾದ್ದರಿಂದ ಅವನ್ನು ಮುಂದುವರಿಸಕೂಡದು ಎಂದು ಸಾರಿತು. ಮ್ಯಾಸಚೂಸೆಟ್ಸ್ ವಸಾಹತು 1659ರಲ್ಲಿ ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಶಿಲಿಂಗ್ ದಂಡ ವಿಧಿಸುವ ಕಾನೂನು ಮಾಡಿತು. ಅದು ರದ್ದಾದದ್ದು 1681ರಲ್ಲಿ. ಅದಕ್ಕೂ ಮುಂಚೆ, 1621ರ ಡಿಸೆಂಬರ್ 25ರಂದು, ಅಮೆರಿಕದ ಪ್ಲಿಮತ್ ಎಂಬ ಇಂಗ್ಲಿಷ್ ವಸಾಹತಿಗೆ ಆಗಷ್ಟೇ ಬಂದಿದ್ದ ಕೆಲವರು ಈ ದಿನ ದುಡಿಯಲು ನಮ್ಮ ಮನಸ್ಸಾಕ್ಷಿ ಒಪ್ಪುವುದಿಲ್ಲ ಎಂದಾಗ ಗವರ್ನರ್ ವಿಲಿಯಂ ಬ್ರಾಡ್‌ಫರ್ಡ್ ಅವರನ್ನು ಬಿಟ್ಟು ಉಳಿದವರೊಂದಿಗೆ ಕೆಲಸಕ್ಕೆ ಹೋದರು. ಮಧ್ಯಾಹ್ನ ಮರಳಿ ಬಂದು ನೋಡಿದರೆ ಅವರು ಬೀದಿಯಲ್ಲಿ ಚೆಂಡಾಟವಾಡುತ್ತಿದ್ದರು. ಬ್ರಾಡ್‌ಫರ್ಡ್ ಆಟದ ಸಾಮಾನುಗಳನ್ನು ಕಿತ್ತುಕೊಂಡರು. ಭಕ್ತಿಯಿದ್ದರೆ ಮನೆಯೊಳಗೆ ಕೂತು ಆಚರಿಸಿ, ಉಳಿದವರು ದುಡಿಯುವಾಗ ಬೀದಿಯಲ್ಲಿ ಆಟ ಸಲ್ಲದು ಎಂಬುದು ಅವರ ತೀರ್ಪು.

ಇಂಥವರಿಗೆ ಹಬ್ಬದ ಕ್ಯಾಲೆಂಡರೇ ಇರಲಿಲ್ಲ. ವಾರಕ್ಕೊಮ್ಮೆ ಬರುವ ಸಬ್ಬತ್ ದಿನ ಬಿಟ್ಟರೆ ಅವರು ಒಪ್ಪಿದ್ದು ಎರಡೇ ಬಗೆಯ ವಿಶೇಷ ದಿನಗಳನ್ನು. ಬರ, ರೋಗ, ಯುದ್ಧ ಎರಗಿದಾಗ ದೇವರು ಮುನಿದಿದ್ದಾನೆಂದು ತಿಳಿದು ಉಪವಾಸದ ದಿನವನ್ನು ಗೊತ್ತುಮಾಡುವುದು. ಕಷ್ಟ ಕಳೆದಾಗ ಅವನು ಕರುಣಿಸಿದನೆಂದು ಕೃತಜ್ಞತೆಯ ದಿನವನ್ನು ಸಾರುವುದು. ಇವು ಪಂಚಾಂಗದ ಪ್ರಕಾರ ಬರುತ್ತಿರಲಿಲ್ಲ, ದೈವಸಂಕಲ್ಪವನ್ನು ಓದಿಕೊಂಡು ನಿಶ್ಚಯವಾಗುತ್ತಿದ್ದವು. ಋತುಚಕ್ರಕ್ಕೆ ಕಟ್ಟಿದ ಹಬ್ಬವೆಂದರೇ ಪ್ಯೂರಿಟನ್ನರಿಗೆ ಅನುಮಾನ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಥ್ಯಾಂಕ್ಸ್‌ಗಿವಿಂಗ್ ಎಂಬ ಸಂಸ್ಥೆಯ ಬೆನ್ನೆಲುಬು ಪೇಗನ್ ಸುಗ್ಗಿಹಬ್ಬದ ವಿರುದ್ಧವೇ ರೂಪುಗೊಂಡದ್ದೆಂಬುದು ಸ್ಪಷ್ಟವಾಗುತ್ತದೆ.

ಹಾಗಾದರೆ ಮೊದಲ ಥ್ಯಾಂಕ್ಸ್‌ಗಿವಿಂಗ್ ಎಂದು ಶಾಲೆಯ ಮಕ್ಕಳು ಚಿತ್ರ ಬಿಡಿಸುವ, ಪ್ಲಿಮತ್‌ನ 1621ರ ಔತಣ ಏನಾಗಿತ್ತು? ಅದರ ಪ್ರತ್ಯಕ್ಷ ವರ್ಣನೆ ನಮಗೆ ದಕ್ಕಿರುವುದು ಅಲ್ಲಿನ ವಸಾಹತುಗಾರ ಎಡ್ವರ್ಡ್ ವಿನ್ಸ್ಲೋ 1621ರ ಡಿಸೆಂಬರ್ 11ರಂದು ಬರೆದ ಒಂದು ಪತ್ರದಲ್ಲಿ ಮಾತ್ರ. ಅದು ಮರುವರ್ಷ ಲಂಡನ್ನಿನಲ್ಲಿ ಅಚ್ಚಾಯಿತು. ಇಪ್ಪತ್ತು ಎಕರೆ ಮೆಕ್ಕೆಜೋಳ ಚೆನ್ನಾಗಿ ಬಂದಿದೆ, ಬಾರ್ಲಿ ಸಾಧಾರಣ, ಬಟಾಣಿ ಕೊಯ್ಯಲು ಲಾಯಕ್ಕಿಲ್ಲ ಎಂಬ ರೈತನ ವರದಿಯ ನಂತರ ಔತಣದ ಮಾತು ಬರುತ್ತದೆ. ಬೆಳೆ ಒಳಗೆ ಬಂದ ಮೇಲೆ ಗವರ್ನರು ನಾಲ್ವರನ್ನು ಹಕ್ಕಿ ಬೇಟೆಗೆ ಕಳಿಸಿದರು. ಒಂದೇ ದಿನದಲ್ಲಿ ಅವರು ತಂದದ್ದು ಹೆಚ್ಚುಕಡಿಮೆ ಒಂದು ವಾರಕ್ಕೆ ಸಾಕಾಯಿತು. ಮನರಂಜನೆಯ ನಡುವೆ ಬಂದೂಕು ಹಾರಿಸಿದರು. ಆ ನೆಲದ ಮೂಲನಿವಾಸಿಗಳಾದ ವಾಂಪನೋಗ್ ಜನರ ಅರಸ ಮ್ಯಾಸಸಾಯಿಟ್ ಸುಮಾರು ತೊಂಬತ್ತು ಜನರೊಂದಿಗೆ ಬಂದ. ಮೂರು ದಿನ ಅವರಿಗೆ ಆತಿಥ್ಯ ನಡೆಯಿತು. ಅವರು ಹೋಗಿ ಐದು ಜಿಂಕೆ ಹೊಡೆದು ತಂದುಕೊಟ್ಟರು. ದೇವರ ಒಳ್ಳೆಯತನದಿಂದ ನಾವು ಕೊರತೆಯಿಂದ ದೂರವಿದ್ದೇವೆ ಎಂಬ ಮಾತು ಪತ್ರದಲ್ಲಿದೆ. ಆದರೆ ಪ್ರಾರ್ಥನಾ ಸಭೆಯ, ಪ್ರವಚನದ, ಕೀರ್ತನೆಯ ಉಲ್ಲೇಖವಿಲ್ಲ. ಆ ಮೂರು ದಿನಗಳನ್ನು ವಿನ್ಸ್ಲೋ ಕೃತಜ್ಞತಾ ದಿನವೆಂದು ಕರೆದಿಲ್ಲ. ಪ್ಯೂರಿಟನ್ ಅರ್ಥದ ಕೃತಜ್ಞತಾ ದಿನದಲ್ಲಿ ಬಂದೂಕಿನ ಆಟಕ್ಕೆ ಎಡೆಯೂ ಇರಲಿಲ್ಲ.

ಇಲ್ಲಿ ಪೇಗನ್ ಪಕ್ಷಕ್ಕೆ ಸಲ್ಲಬೇಕಾದ ಅಂಶವೊಂದಿದೆ. ಪ್ಲಿಮತ್ ಸ್ಥಾಪಿಸಲು ಮೇಫ್ಲವರ್ ಹಡಗಿನಲ್ಲಿ ಬಂದ 102 ಜನರೆಲ್ಲರೂ ಹಾಲೆಂಡಿನ ಲೈಡನ್ ನಗರದಲ್ಲಿ ನೆಲೆಸಿದ್ದ ಇಂಗ್ಲಿಷ್ ಧಾರ್ಮಿಕ ಸಮುದಾಯಕ್ಕೆ ಸೇರಿದವರಲ್ಲ. ಹಲವರು ಸಾಮಾನ್ಯ ಇಂಗ್ಲಿಷ್ ಜನ. ಮೊದಲ ಚಳಿಗಾಲದಲ್ಲಿ ಅರ್ಧದಷ್ಟು ಮಂದಿ ಸತ್ತು, ಉಳಿದವರು ಮೊದಲ ಬೆಳೆ ಕಂಡಾಗ, ತಾವು ಊರಿನಲ್ಲಿ ಬಲ್ಲ ಸುಗ್ಗಿಯೂಟದ ನೆನಪಿನಂತೆಯೇ ನಡೆದುಕೊಂಡಿರಬೇಕು. 1621ರ ಔತಣ ಹಾರ್ವೆಸ್ಟ್ ಹೋಮ್ ಜಾತಿಯದು ಎಂದರೆ ತಪ್ಪಾಗದು. ಆದರೆ ಅಷ್ಟು ಹೊತ್ತಿಗೆ ಇಂಗ್ಲೆಂಡಿನಲ್ಲಿ ಆ ಊಟ ಸುಮಾರು ಸಾವಿರ ವರ್ಷ ಕ್ರೈಸ್ತ ಹಳ್ಳಿಗಳಲ್ಲಿ ಬಾಳಿದ್ದು, ಉಣ್ಣುವವರಿಗೆ ಅದರಲ್ಲಿ ಯಾವ ದೇವತೆಯ ಗುರುತೂ ಉಳಿದಿರಲಿಲ್ಲ.

ನಿಜವಾದ ಪ್ಯೂರಿಟನ್ ಕೃತಜ್ಞತಾ ದಿನವನ್ನು ನೋಡಬೇಕಾದರೆ 1623ಕ್ಕೆ ಬರಬೇಕು. ಆ ವರ್ಷ ಮೇ ಮೂರನೆಯ ವಾರದಿಂದ ಜುಲೈ ನಡುವಿನವರೆಗೆ ಪ್ಲಿಮತ್‌ನಲ್ಲಿ ಮಳೆಯಾಗಲಿಲ್ಲ. ಜೋಳ ಒಣಗಿ ಬಾಗಿತು. ಉಪವಾಸದ ದಿನವೊಂದನ್ನು ಗೊತ್ತುಮಾಡಿ, ಎಂಟೊಂಬತ್ತು ಗಂಟೆ ಪ್ರಾರ್ಥಿಸಿದರು. ಬೆಳಗ್ಗೆ ಶುಭ್ರವಾಗಿದ್ದ ಆಕಾಶದಲ್ಲಿ ಸಂಜೆಗೆ ಮೋಡ ಕವಿಯಿತು. ಮರುದಿನದಿಂದ ಮೆಲ್ಲನೆ ಹಿಡಿದ ಮಳೆ ಸುಮಾರು ಹದಿನಾಲ್ಕು ದಿನ ಸುರಿಯಿತೆಂದು ವಿನ್ಸ್ಲೋ 1624ರಲ್ಲಿ ಪ್ರಕಟಿಸಿದ ಇನ್ನೊಂದು ವರದಿಯಲ್ಲಿ ಬರೆದರು. ಅದಾದ ಮೇಲೆ ಕೃತಜ್ಞತೆಯ ದಿನವನ್ನು ಆಚರಿಸಲಾಯಿತು. ಉಪವಾಸ, ಪ್ರಾರ್ಥನೆ, ಅನುಗ್ರಹ, ಕೃತಜ್ಞತೆ ಎಂಬ ಪೂರ್ಣ ಸರಣಿ ಇಲ್ಲಿದೆ. ಕೊಯ್ಲು ಮಾತ್ರ ಇನ್ನೂ ದೂರವಿತ್ತು.

ಇದೇ ಪ್ರಸಂಗದಲ್ಲಿ ವಿನ್ಸ್ಲೋ ದಾಖಲಿಸಿರುವ ಇನ್ನೊಂದು ವಿವರ ನಮ್ಮ ಚರ್ಚೆಗೆ ಬಹಳ ಮುಖ್ಯ. ವಸಾಹತುಗಾರರ ಜೊತೆ ವಾಸವಾಗಿದ್ದ ಹೊಬಮಾಕ್ ಎಂಬ ಸ್ಥಳೀಯ, ಭಾನುವಾರವಲ್ಲದ ದಿನ ಇವರೆಲ್ಲ ಏಕೆ ಸೇರಿದ್ದಾರೆಂದು ಒಬ್ಬ ಹುಡುಗನನ್ನು ಕೇಳಿ ತಿಳಿದುಕೊಂಡ. ಮಳೆ ಬಂದ ಬಳಿಕ ಅವನೂ ಇತರ ಸ್ಥಳೀಯರೂ ಬೆರಗಾಗಿ, ನಾವು ಮಳೆ ಕರೆದರೆ ಬಿರುಗಾಳಿಯೂ ಕೂಡಿ ಬಂದು ಕೆಲವೊಮ್ಮೆ ಜೋಳವನ್ನೇ ನೆಲಕ್ಕೆ ಮಲಗಿಸುತ್ತದೆ, ನಿಮ್ಮದು ಹದವಾಗಿ ಬಂತು ಎಂದರಂತೆ. ವಿನ್ಸ್ಲೋ ಇದನ್ನು ತಮ್ಮ ದೇವರ ಹಿರಿಮೆಗೆ ಸಾಕ್ಷಿಯಾಗಿ ಬರೆದಿದ್ದಾರೆ, ಆದ್ದರಿಂದ ಮಾತನ್ನು ಅಷ್ಟು ಎಚ್ಚರದಿಂದಲೇ ತೆಗೆದುಕೊಳ್ಳಬೇಕು. ಆದರೂ ಬೆಳೆಗಾಗಿ ದೈವವನ್ನು ಬೇಡುವ ಎರಡು ಸಂಪ್ರದಾಯಗಳು ಒಂದೇ ಹೊಲದ ಅಂಚಿನಲ್ಲಿ ನಿಂತು ಪರಸ್ಪರ ಗಮನಿಸುತ್ತಿದ್ದವು ಎಂಬುದಂತೂ ಈ ವಿವರದಿಂದ ತಿಳಿಯುತ್ತದೆ.

ಸಾಂದರ್ಭಿಕವಾಗಿ ಬರುತ್ತಿದ್ದ ಕೃತಜ್ಞತಾ ದಿನ ವರ್ಷಕ್ಕೊಮ್ಮೆ ಶರತ್ಕಾಲಕ್ಕೆ ನಿಂತದ್ದು ನಿಧಾನವಾಗಿ. ಹದಿನೇಳನೆಯ ಶತಮಾನ ಕಳೆಯುತ್ತ ಕನೆಕ್ಟಿಕಟ್, ಮ್ಯಾಸಚೂಸೆಟ್ಸ್ ವಸಾಹತುಗಳು ವರ್ಷದ ಒಟ್ಟು ಅನುಗ್ರಹಕ್ಕೆಂದು ಕೊಯ್ಲಿನ ನಂತರ ಒಂದು ದಿನವನ್ನು ಸಾರತೊಡಗಿದವು. ವಾರ್ಷಿಕವಾಗಿ ಸಾರಿದರೆ ಅದೂ ಪಂಚಾಂಗದ ಹಬ್ಬವೇ ಆಗಿಬಿಡುತ್ತದೆಂದು ಆಕ್ಷೇಪಿಸಿದ ನಿಷ್ಠರೂ ಇದ್ದರು. ಅವರ ಭಯ ಸುಳ್ಳಾಗಲಿಲ್ಲ. ಕೊಯ್ಲು ಈ ಹಬ್ಬದೊಳಗೆ ಬಂದದ್ದು ಹೀಗೆ, ಹಳ್ಳಿಯ ಬೊಂಬೆಯ ಬೆನ್ನು ಹತ್ತಿ ಬಂದದ್ದಲ್ಲ. ಬೆಳಗ್ಗೆ ಪ್ರವಚನ, ಮಧ್ಯಾಹ್ನದ ಮೇಲೆ ಮನೆಯಲ್ಲಿ ಊಟ ಎಂಬ ಕ್ರಮ ನೆಲೆನಿಂತಿತು; ಕ್ರಮೇಣ ಪ್ರವಚನ ಕುಗ್ಗಿ ಊಟ ಹಿಗ್ಗಿತು. ಇದೇ ಕಾಲದಲ್ಲಿ ಬೆಳೆಗೆ ಸಂಬಂಧವೇ ಇಲ್ಲದ ಕೃತಜ್ಞತಾ ದಿನಗಳೂ ಇದ್ದವೆಂಬುದನ್ನು ಮರೆಯಬಾರದು. 1637ರಲ್ಲಿ ಮೂಲನಿವಾಸಿ ಪೀಕ್ವಾಟ್ ಜನರ ಮೇಲಿನ ವಿಜಯಕ್ಕಾಗಿ ಮ್ಯಾಸಚೂಸೆಟ್ಸ್‌ನ ಚರ್ಚುಗಳಲ್ಲಿ ಅಂಥ ದಿನವನ್ನು ಆಚರಿಸಲಾಯಿತು. ವಸಾಹತುಗಾರರ ವಿರುದ್ಧ ಯುದ್ಧ ನಡೆಸಿ 1676ರಲ್ಲಿ ಕೊಲೆಯಾದ ವಾಂಪನೋಗ್ ನಾಯಕ ಮೆಟಕಾಮ್‌ನ ತಲೆಯನ್ನು ಪ್ಲಿಮತ್‌ನಲ್ಲಿ ಕಂಬದ ಮೇಲೆ ವರ್ಷಗಟ್ಟಲೆ ಇಡಲಾಗಿತ್ತು. ಅವನು ಐದು ಜಿಂಕೆ ತಂದುಕೊಟ್ಟ ಮ್ಯಾಸಸಾಯಿಟ್‌ನ ಮಗ.

1621ರ ಔತಣವೂ ಈ ವಾರ್ಷಿಕ ಧಾರ್ಮಿಕ ದಿನವೂ ಒಂದೇ ಎಂಬ ಭಾವನೆ ಹತ್ತೊಂಬತ್ತನೆಯ ಶತಮಾನದ್ದು. ಬಾಸ್ಟನ್ನಿನ ಪಾದ್ರಿ ಅಲೆಕ್ಸಾಂಡರ್ ಯಂಗ್ 1841ರಲ್ಲಿ ವಿನ್ಸ್ಲೋ ಪತ್ರವನ್ನು ಮರುಪ್ರಕಟಿಸುತ್ತ, ಇದೇ ಮೊದಲ ಥ್ಯಾಂಕ್ಸ್‌ಗಿವಿಂಗ್, ನ್ಯೂ ಇಂಗ್ಲೆಂಡಿನ ಸುಗ್ಗಿಹಬ್ಬ ಎಂದು ಅಡಿಟಿಪ್ಪಣಿಯೊಂದನ್ನು ಬರೆದರು. ಒಂದು ಅಡಿಟಿಪ್ಪಣಿ ಒಂದು ರಾಷ್ಟ್ರದ ಉಗಮಕಥೆಗೆ ಇಷ್ಟು ಆಧಾರವಾದ ಉದಾಹರಣೆ ಅಪರೂಪ. ಧಾರ್ಮಿಕ ಮೂಲದ ಪಕ್ಷದವರು 1621ನ್ನು ತೋರಿಸುವಾಗ ಈ ಬೆಸುಗೆಯ ತಾರೀಖನ್ನೂ ನೆನೆಯಬೇಕು.

ರಾಷ್ಟ್ರೀಯ ಹಬ್ಬವಾಗುವಾಗಲೂ ಅದರ ಧಾರ್ಮಿಕ ಸ್ವರೂಪವನ್ನು ಆ ಕಾಲದವರು ಚೆನ್ನಾಗಿ ಬಲ್ಲವರಾಗಿದ್ದರು. 1789ರ ಸೆಪ್ಟೆಂಬರಿನಲ್ಲಿ ಪ್ರತಿನಿಧಿ ಸಭೆಯಲ್ಲಿ ಇಲಿಯಾಸ್ ಬೌಡಿನಾಟ್ ಕೃತಜ್ಞತಾ ದಿನದ ನಿರ್ಣಯ ತಂದಾಗ, ದಕ್ಷಿಣ ಕ್ಯಾರೊಲೈನಾದ ಥಾಮಸ್ ಟಕ್ಕರ್ ಇದು ಧರ್ಮದ ವಿಷಯ, ನಮಗೆ ಇದರಲ್ಲಿ ಅಧಿಕಾರವಿಲ್ಲ ಎಂದು ವಿರೋಧಿಸಿದರು. ನಿರ್ಣಯ ಗೆದ್ದಿತು, ಅಧ್ಯಕ್ಷ ವಾಷಿಂಗ್ಟನ್ ನವೆಂಬರ್ 26ರ ಗುರುವಾರವನ್ನು ಸಾರಿದರು. ಜೆಫರ್ಸನ್ ತಮ್ಮ ಎಂಟು ವರ್ಷಗಳ ಅಧಿಕಾರದಲ್ಲಿ ಇಂಥ ಒಂದು ಘೋಷಣೆಯನ್ನೂ ಹೊರಡಿಸಲಿಲ್ಲ. ಪೇಗನ್ ಎಂಬ ಕಾರಣಕ್ಕೆ ಅವರು ಹಿಂಜರಿದದ್ದಲ್ಲ, ತೀರ ಧಾರ್ಮಿಕವೆಂಬ ಕಾರಣಕ್ಕೆ. ಪತ್ರಿಕಾ ಸಂಪಾದಕಿ ಸೇರಾ ಜೊಸೀಫಾ ಹೇಲ್ ದಶಕಗಳ ಕಾಲ ರಾಜ್ಯಪಾಲರಿಗೂ ಅಧ್ಯಕ್ಷರಿಗೂ ಪತ್ರ ಬರೆದು ಬೇಡಿದ ಫಲವಾಗಿ, ಅಂತರ್ಯುದ್ಧದ ನಡುವೆ, 1863ರ ಅಕ್ಟೋಬರ್ 3ರಂದು ಲಿಂಕನ್ ನವೆಂಬರಿನ ಕೊನೆಯ ಗುರುವಾರವನ್ನು ಗೊತ್ತುಪಡಿಸಿದರು. ಆ ಘೋಷಣೆ ಫಲ ತುಂಬಿದ ಹೊಲಗಳಿಂದ ಆರಂಭವಾಗಿ, ರಾಷ್ಟ್ರದ ಅವಿಧೇಯತೆಗಾಗಿ ಪಶ್ಚಾತ್ತಾಪಪಡಬೇಕೆಂಬ ಕರೆಗೆ ಹೋಗಿ ಮುಟ್ಟುತ್ತದೆ. ಉಪವಾಸ ದಿನದ ಹಳೆಯ ದನಿ ಅದರಲ್ಲಿ ಕೇಳಿಸುತ್ತದೆ. 1939ರಲ್ಲಿ ರೂಸ್‌ವೆಲ್ಟ್ ಕ್ರಿಸ್‌ಮಸ್ ವ್ಯಾಪಾರಕ್ಕೆ ಹೆಚ್ಚು ದಿನ ಸಿಗಲೆಂದು ಹಬ್ಬವನ್ನು ಒಂದು ವಾರ ಹಿಂದಕ್ಕೆ ತಂದು ಗದ್ದಲವೆದ್ದ ಮೇಲೆ, 1941ರ ಕಾನೂನು ನಾಲ್ಕನೆಯ ಗುರುವಾರವನ್ನು ಖಾಯಂ ಮಾಡಿತು.

ಇನ್ನು ಉಳಿದ ಕೆಲವು ಸಾಕ್ಷ್ಯಗಳು. ಊಟದ ಮೇಜಿನ ಮೇಲಿಡುವ, ಹಣ್ಣು ಧಾನ್ಯ ಉಕ್ಕುವ ಕೊಂಬು ಗ್ರೀಕ್ ಪುರಾಣದ ಅಮಾಲ್ತಿಯಾ ಎಂಬ ಮೇಕೆಗೆ ಸೇರಿದ್ದು, ಆದ್ದರಿಂದ ಹಬ್ಬವೂ ಪೇಗನ್ ಎನ್ನುವವರಿದ್ದಾರೆ. ಆ ಕೊಂಬು ಸಮೃದ್ಧಿಯ ಅಲಂಕಾರವಾಗಿ ಯುರೋಪಿನ ಚಿತ್ರಕಲೆಯಿಂದ ಬಂದದ್ದು. ನ್ಯೂ ಜೆರ್ಸಿ ರಾಜ್ಯದ ಮುದ್ರೆಯಲ್ಲಿ ಸ್ವತಃ ಸೀರೀಸ್ ಅದನ್ನು ಹಿಡಿದು ನಿಂತಿದ್ದಾಳೆ. ಅಲ್ಲಿನ ಸರಕಾರ ಅವಳನ್ನು ಪೂಜಿಸುತ್ತದೆಂದು ಯಾರೂ ಹೇಳುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನ್ಯೂಯಾರ್ಕಿನ ಮಕ್ಕಳು ಥ್ಯಾಂಕ್ಸ್‌ಗಿವಿಂಗ್ ದಿನ ಮುಖವಾಡ ತೊಟ್ಟು, ಚಿಂದಿ ಉಟ್ಟು ಮನೆಮನೆಗೆ ಹೋಗಿ ಬೇಡುತ್ತಿದ್ದರು. ಇದರಷ್ಟು ‘ಪುರಾತನ’ವಾಗಿ ಕಾಣುವ ಅಂಶ ಈ ಹಬ್ಬದಲ್ಲಿ ಬೇರೊಂದಿಲ್ಲ, ಆದರೆ ಅದು ಮಹಾನಗರದಲ್ಲಿ ತಡವಾಗಿ ಬೆಳೆದು 1930ರ ದಶಕದ ನಂತರ ಅಳಿದುಹೋಯಿತು. ಪ್ಲಿಮತ್‌ನ ವಸಾಹತುಗಾರರು ಯೆಹೂದ್ಯರ ಸುಗ್ಗಿಹಬ್ಬವಾದ ಸುಕ್ಕೋತನ್ನೇ ಮಾದರಿಯಾಗಿ ಇಟ್ಟುಕೊಂಡರೆಂಬ ಮಾತಿಗೂ ವಿನ್ಸ್ಲೋ, ಬ್ರಾಡ್‌ಫರ್ಡ್ ಬರಹಗಳಲ್ಲಿ ಆಧಾರ ಕಾಣುವುದಿಲ್ಲ.

ಹೀಗೆ ಯುರೋಪಿನ ಹಳೆಯ ದೇವತೆಗಳನ್ನು ಹುಡುಕುತ್ತ ಹೋದವರು, 1621ರ ಆ ಮೂರು ದಿನಗಳಲ್ಲಿ ಕಣ್ಣೆದುರೇ ಇದ್ದ ಕ್ರೈಸ್ತೇತರ ಕೃತಜ್ಞತೆಯನ್ನು ನೋಡದೆ ಹೋಗಿದ್ದಾರೆ ಎಂಬುದು ನನ್ನ ಮುಖ್ಯ ಆಕ್ಷೇಪ. ಇಂಗ್ಲಿಷರಲ್ಲಿ ಬದುಕುಳಿದವರು ಐವತ್ತರ ಆಸುಪಾಸು. ವಾಂಪನೋಗ್ ಜನ ತೊಂಬತ್ತು. ಅತಿಥಿಗಳೇ ಬಹುಸಂಖ್ಯಾತರು. ಬೆಳೆದ ಜೋಳವೂ ಅವರ ಬೀಜದ್ದು, ಗುಣಿಗೆ ಮೀನು ಹಾಕಿ ಬಿತ್ತುವುದನ್ನು ಹೇಳಿಕೊಟ್ಟವನು ಅವರಲ್ಲೊಬ್ಬನಾದ ಟಿಸ್ಕ್ವಾಂಟಮ್. ಅವರ ಶ್ರದ್ಧೆಯ ಬಗ್ಗೆ ಬರೆದವರೂ ಅದೇ ವಿನ್ಸ್ಲೋ: ಸೃಷ್ಟಿಕರ್ತನಾದ ಕೀಹ್ಟನ್‌ನನ್ನು ಅವರು ಒಳ್ಳೆಯವನೆಂದು ನಂಬುತ್ತಾರೆ, ಸಮೃದ್ಧಿ ದೊರೆತಾಗ, ಜಯ ದೊರೆತಾಗ ಹಾಡುತ್ತಾರೆ, ಕುಣಿಯುತ್ತಾರೆ, ಔತಣ ಮಾಡುತ್ತಾರೆ, ಕೃತಜ್ಞತೆ ಸಲ್ಲಿಸುತ್ತಾರೆ, ನೆನಪಿಗೆಂದು ಮಾಲೆಗಳನ್ನು ತೂಗುಹಾಕುತ್ತಾರೆ ಎಂದು 1624ರ ವರದಿಯಲ್ಲಿದೆ. ತಮ್ಮವರ ಔತಣಕ್ಕೆ ಬಳಸದ ‘ಕೃತಜ್ಞತೆ ಸಲ್ಲಿಸುವ’ ಮಾತನ್ನು ವಿನ್ಸ್ಲೋ ಇವರ ಔತಣಕ್ಕೆ ಬಳಸಿದರು. ನೆರೆಯ ನ್ಯಾರಗ್ಯಾನ್‌ಸೆಟ್ ಜನರ ನಂಬಿಕೆಯೊಂದನ್ನು ವಸಾಹತಿನ ಪಾದ್ರಿ ರೋಜರ್ ವಿಲಿಯಮ್ಸ್ 1643ರಲ್ಲಿ ದಾಖಲಿಸಿದ್ದಾರೆ: ನೈಋತ್ಯದ ಮಹಾದೇವನ ಹೊಲದಿಂದ ಕಾಗೆಯೊಂದು ಒಂದು ಕಿವಿಯಲ್ಲಿ ಜೋಳದ ಕಾಳನ್ನೂ ಇನ್ನೊಂದರಲ್ಲಿ ಹುರುಳಿಯ ಜಾತಿಯ ಕಾಳನ್ನೂ ತಂದಿತಂತೆ, ಆದ್ದರಿಂದ ಕಾಗೆ ಬೆಳೆ ತಿಂದರೂ ಅವರು ಅದನ್ನು ಕೊಲ್ಲುವುದು ಅಪರೂಪ.

ಇಂಥ ಶ್ರದ್ಧೆಯಿಂದ ಥ್ಯಾಂಕ್ಸ್‌ಗಿವಿಂಗ್ ಹುಟ್ಟಿತೆಂದು ನಾನು ಹೇಳುತ್ತಿಲ್ಲ. ಪ್ಯೂರಿಟನ್ನರು ಅದನ್ನು ಸ್ವೀಕರಿಸಲು ಸಿದ್ಧರಿರಲಿಲ್ಲ, ಸೈತಾನನ ಕೆಲಸವೆಂದೇ ಬಗೆದಿದ್ದರು. ಆದರೆ ಪೇಗನ್ ಮೂಲದ ಪ್ರಶ್ನೆ ಕೇಳುವವರಿಗೆ ಆ ನೆಲದ ಕ್ರೈಸ್ತೇತರ ಸುಗ್ಗಿ ಆಚರಣೆ ತಿಳಿಯಬೇಕಿದ್ದರೆ ಸೀರೀಸ್‌ವರೆಗೆ ಹೋಗಬೇಕಾಗಿಲ್ಲ. ಅದರ ವಾರಸುದಾರರು ಇನ್ನೂ ಇದ್ದಾರೆ. ಮ್ಯಾಸಚೂಸೆಟ್ಸ್‌ನ ಅಕ್ವಿನಾ ಊರಿನ ವಾಂಪನೋಗ್ ಜನ ಅಕ್ಟೋಬರ್ ತಿಂಗಳ ಎರಡನೆಯ ಮಂಗಳವಾರ ಕ್ರ್ಯಾನ್‌ಬೆರಿ ದಿನವನ್ನು ಆಚರಿಸುತ್ತಾರೆ. ಮಕ್ಕಳೂ ಹಿರಿಯರೂ ಕೂಡಿ ಜೌಗು ನೆಲಕ್ಕೆ ಹೋಗಿ ಹಣ್ಣು ಕೀಳುತ್ತಾರೆ. 1970ರಲ್ಲಿ, ಮೇಫ್ಲವರ್ ಆಗಮನದ 350ನೆಯ ವರ್ಷದ ಸಮಾರಂಭಕ್ಕೆ ಇದೇ ಜನಾಂಗದ ವಾಮ್‌ಸುಟ್ಟಾ ಫ್ರಾಂಕ್ ಜೇಮ್ಸ್ ಅವರನ್ನು ಭಾಷಣಕ್ಕೆ ಕರೆದು, ಬರೆದುಕೊಟ್ಟ ಭಾಷಣವನ್ನು ಓದಿದ ಸಂಘಟಕರು ಅದನ್ನು ಒಪ್ಪದಿದ್ದಾಗ, ಅವರು ಥ್ಯಾಂಕ್ಸ್‌ಗಿವಿಂಗ್ ದಿನದಂದೇ ಪ್ಲಿಮತ್‌ನ ಕೋಲ್ಸ್ ಹಿಲ್ ಮೇಲೆ, ಮ್ಯಾಸಸಾಯಿಟ್ ಪ್ರತಿಮೆಯ ಬಳಿ ಮಾತನಾಡಿದರು. ಅಂದಿನಿಂದ ಪ್ರತಿ ವರ್ಷ ನಾಲ್ಕನೆಯ ಗುರುವಾರ ಅಲ್ಲಿ ರಾಷ್ಟ್ರೀಯ ಶೋಕದಿನ ನಡೆಯುತ್ತಿದೆ. ಅಲ್ಲಿ ನೆಟ್ಟಿರುವ ಫಲಕ ಅದನ್ನು ಸ್ಮರಣೆಯ ದಿನ, ಆಧ್ಯಾತ್ಮಿಕ ಬಾಂಧವ್ಯದ ದಿನ, ಪ್ರತಿಭಟನೆಯ ದಿನ ಎಂದು ಹೇಳುತ್ತದೆ. ಥ್ಯಾಂಕ್ಸ್‌ಗಿವಿಂಗ್‌ನ ಧಾರ್ಮಿಕ ಮೂಲವನ್ನು ಕುರಿತ ಯಾವ ಚರ್ಚೆಯೂ ಈ ಗುಡ್ಡದ ಮೇಲೆ ನಡೆಯುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.